ಲಾಮಾ ಕ್ಯಾಂಪಿಗೆ ಹೊಂದಿದ ವೈರಸ್, ಲ್ಯಾಪ್‌ಟಾಪ್ ತಳದ ಚೀಟಿ

2008ರ ಜುಲೈ 25ರಂದು ಟಿಬೆಟ್ ಪರ ಕೆಲಸ ಮಾಡುವವರಿಗೆ ಒಂದು ಇಮೇಲ್ ಬಂತು. ಕಳಿಸಿದವರ ಜಾಗದಲ್ಲಿ ‘ಫ್ರೀ ಟಿಬೆಟ್’ ಸಂಘಟನೆಯ ವಿಳಾಸವಿತ್ತು. ಜೊತೆಗೊಂದು ವರ್ಡ್ ಕಡತ. ದೇಶ ಬಿಟ್ಟು ಬಂದ ಟಿಬೆಟನ್ನರು ಇಟ್ಟುಕೊಳ್ಳುವ ಹಸಿರು ಗುರುತಿನ ಪುಸ್ತಕದ ಅನುವಾದ ಅದರಲ್ಲಿದೆ ಎನ್ನುವಂತಿತ್ತು ಹೆಸರು. ಆ ಹೆಸರು ಓದಿದ ಟಿಬೆಟನ್ ಯಾರಾದರೂ ಕಡತ ತೆರೆಯದೇ ಇರುವುದು ಕಷ್ಟ. ಆದರೆ ವಿಳಾಸ ನಕಲಿ, ಕಡತದೊಳಗೆ ಬೇಹುಗಾರಿಕೆಯ ಪ್ರೋಗ್ರಾಂ. ಆಮೇಲೆ ಅದನ್ನು 34 ಆಂಟಿವೈರಸ್‌ಗಳಿಂದ ತಪಾಸಣೆ ಮಾಡಿಸಿದಾಗ ಪತ್ತೆ ಹಚ್ಚಿದ್ದು 11 ಮಾತ್ರ.

ಹಸಿರು ಪುಸ್ತಕ ಉತ್ತರ ಕನ್ನಡಕ್ಕೆ ಹೊಸದಲ್ಲ. 1966ರಲ್ಲಿ ಮುಂಡಗೋಡದ ಕಾಡಂಚಿನಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೆಲೆ ಸಿಕ್ಕಿತು. ಬೈಲಕುಪ್ಪೆಯ ನಂತರ ರಾಜ್ಯದಲ್ಲಿ ಎದ್ದ ದೊಡ್ಡ ವಸಾಹತು ಇದು, ಹೆಸರು ದೋಗುಲಿಂಗ್. ಕೆಲವೇ ವರ್ಷಗಳಲ್ಲಿ ಬಂಗಾಳದ ಬಕ್ಸಾ ಶಿಬಿರದಿಂದ ಗಾಂದೆನ್ ಮತ್ತು ದ್ರೆಪುಂಗ್ ಮಠಗಳ ಭಿಕ್ಷುಗಳು ಇಲ್ಲಿಗೆ ಬಂದರು. ಅಂಚೆ ವಿಳಾಸದಲ್ಲಿ ಅವರ ಮಠಗಳು ಇವತ್ತಿಗೂ ಲಾಮಾ ಕ್ಯಾಂಪ್ ನಂಬರ್ 1 ಮತ್ತು 2. ವಸಾಹತಿನ ಆಡಳಿತಾಧಿಕಾರಿಯನ್ನು ನೇಮಿಸುವುದು ಧರ್ಮಶಾಲೆಯ ಟಿಬೆಟನ್ ಆಡಳಿತ. ಧರ್ಮಶಾಲೆಯ ಹೆಸರಲ್ಲಿ ಬಂದ ಪತ್ರ ಅಂದರೆ ಮುಂಡಗೋಡಕ್ಕೆ ಮನೆಯ ಪತ್ರ. ದಾಳಿಕೋರರು ಬಂಡವಾಳ ಮಾಡಿಕೊಂಡಿದ್ದೇ ಇಂಥ ನಂಬಿಕೆಯನ್ನು.

ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಮತ್ತು ಸೆಕ್‌ಡೆವ್ ತಂಡ 2009ರ ಮಾರ್ಚ್ 29ರಂದು ಹೊರತಂದ ವರದಿ ಇಂಥ ದಾಳಿಗಳ ಹಿಂದಿದ್ದ ಜಾಲಕ್ಕೆ ‘ಘೋಸ್ಟ್‌ನೆಟ್’ ಎಂದು ಹೆಸರಿಟ್ಟಿತು. 103 ದೇಶಗಳ 1,295 ಕಂಪ್ಯೂಟರ್‌ಗಳು ಸೋಂಕಿಗೆ ಸಿಕ್ಕಿದ್ದವು. ದಲೈ ಲಾಮಾ ಅವರ ಖಾಸಗಿ ಕಚೇರಿಯೂ ಭಾರತದ ಕೆಲವು ರಾಯಭಾರ ಕಚೇರಿಗಳೂ ಆ ಪಟ್ಟಿಯಲ್ಲಿದ್ದವು. ಘೋಸ್ಟ್ ರ‍್ಯಾಟ್ ಎಂಬ ಆ ಪ್ರೋಗ್ರಾಂ ಹೊಕ್ಕ ಕಂಪ್ಯೂಟರಿನ ಕಡತಗಳನ್ನು ಕದಿಯಬಹುದಿತ್ತು, ಮೈಕ್ ಮತ್ತು ಕ್ಯಾಮೆರಾವನ್ನು ದೂರದಿಂದಲೇ ಚಾಲೂ ಮಾಡಬಹುದಿತ್ತು. ಅದೇ ಹೊತ್ತಿಗೆ ಶಿಶಿರ್ ನಾಗರಾಜ ಮತ್ತು ಕೇಂಬ್ರಿಜ್‌ನ ರಾಸ್ ಆಂಡರ್ಸನ್ ಇದೇ ದಾಳಿಯ ಬಗ್ಗೆ ಪ್ರತ್ಯೇಕ ವರದಿ ಬರೆದರು.

ಇಷ್ಟು ಒಳಹೊಕ್ಕ ಪ್ರೋಗ್ರಾಂಗೆ ಮದ್ದೇನು? 34ರಲ್ಲಿ 23 ಆಂಟಿವೈರಸ್ ಕುರುಡಾಗಿದ್ದಾಗ ‘ಕ್ಲೀನ್’ ಎಂಬ ಹಸಿರು ಗುರುತನ್ನು ನಂಬುವ ಹಾಗಿಲ್ಲ. ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದೇ ಭರವಸೆಯ ದಾರಿ.

ಆ ದಾರಿ ನಮ್ಮ ಊರುಗಳಿಗೆ ಬೇರೆ ಕಾರಣಕ್ಕೆ ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರ್ ನಿಧಾನವಾಯಿತೇ? ಫಾರ್ಮ್ಯಾಟ್ ಹೊಡೆಸು. ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆದವೇ? ಫಾರ್ಮ್ಯಾಟ್ ಹೊಡೆಸು. ಊರಿನ ಅಂಗಡಿಯಲ್ಲಿ ಆಗದಿದ್ದರೆ ದಾಂಡೇಲಿ, ಹಳಿಯಾಳದವರು ಸಿಪಿಯು ಹೊತ್ತು ಧಾರವಾಡದ ಬಸ್ ಹತ್ತಬೇಕು, ಮುಂಡಗೋಡದವರು ಹುಬ್ಬಳ್ಳಿಯದು. ಮರಳಿ ತಂದ ಮೇಲೆ ಅರ್ಧ ದಿನದ ಕೆಲಸ ಬೇರೆ: ಪ್ರಿಂಟರ್ ಡ್ರೈವರ್, ಕನ್ನಡ ಟೈಪಿಂಗ್‌ಗೆ ನುಡಿ ಅಥವಾ ಬರಹ, ಅವುಗಳ ಫಾಂಟ್. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ತುಂಗಾ ಫಾಂಟಾದರೂ ಇತ್ತು. ಟಿಬೆಟನ್ ಲಿಪಿಗೆ ಅದೂ ಇರಲಿಲ್ಲ. 2007ರಲ್ಲಿ ವಿಸ್ತಾ ಜೊತೆ ಹಿಮಾಲಯ ಫಾಂಟ್ ಬರುವ ತನಕ ಕಾಯಬೇಕಾಯಿತು.

ಹಾಕುವ ಸಿಡಿ ಯಾರದ್ದು ಎಂದು ಕೇಳುವ ರೂಢಿ ಇರಲಿಲ್ಲ. ಒಂದೇ ಸಿಡಿ, ಅದರ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದ ಒಂದೇ ಕೀ, ಬಂದವರಿಗೆಲ್ಲ ಅದೇ. ಗಮನಿಸಬೇಕಾದ್ದೇನೆಂದರೆ, ಹೀಗೆ ನಕಲು ಹಾಕಿಸಿಕೊಂಡ ಎಷ್ಟೋ ಜನ ಅಸಲಿಗೆ ಆಗಲೇ ಹಣ ಕೊಟ್ಟಿದ್ದರು. ದೊಡ್ಡ ಕಂಪನಿಯ ಲ್ಯಾಪ್‌ಟಾಪ್ ಬರುವಾಗಲೇ ವಿಂಡೋಸ್ ಸಮೇತ ಬರುತ್ತಿತ್ತು. ಐದೈದು ಅಕ್ಷರಗಳ ಐದು ಗುಂಪು, ಒಟ್ಟು 25 ಅಕ್ಷರಗಳ ಕೀ ತಳದ ಚೀಟಿಯಲ್ಲಿ ಅಚ್ಚಾಗಿರುತ್ತಿತ್ತು. ತೊಡೆಯ ಬಿಸಿ, ಮೇಜಿನ ಉಜ್ಜಾಟಕ್ಕೆ ಎರಡು ವರ್ಷದಲ್ಲಿ ಬಿ ಯಾವುದು, 8 ಯಾವುದು ಎಂದು ತಿಳಿಯದಂತಾಗುತ್ತಿತ್ತು.

ಚೀಟಿ ನೆಟ್ಟಗಿದ್ದರೂ ಕಷ್ಟ ತಪ್ಪಲಿಲ್ಲ. ವಿಂಡೋಸನ್ನು ‘ಆಕ್ಟಿವೇಟ್’ ಮಾಡಬೇಕೆಂಬ ನಿಯಮ ಮನೆಬಳಕೆದಾರರಿಗೆ ಬಂದದ್ದು 2001ರ ಎಕ್ಸ್‌ಪಿ ಜೊತೆ. ಅದಕ್ಕೆ 30 ದಿನ ಗಡುವು. ದೊಡ್ಡ ಕಂಪನಿಗಳು ಕಾರ್ಖಾನೆಯಲ್ಲಿ ಹಾಕುತ್ತಿದ್ದ ವಿಂಡೋಸ್ ಬಯಾಸ್‌ನಲ್ಲಿರುವ ಗುರುತು ನೋಡಿ ತಾನೇ ಒಪ್ಪಿಕೊಳ್ಳುತ್ತಿತ್ತು. ಅದಕ್ಕೆ ಬಳಸಿದ ಕೀ ಬೇರೆ, ಚೀಟಿಯದ್ದು ಬೇರೆ. ಚೀಟಿಯ ಕೀಗಳು ಕಳುವಾಗುತ್ತಿವೆ ಎಂದು 2005ರಲ್ಲಿ ಮೈಕ್ರೋಸಾಫ್ಟ್ ದೊಡ್ಡ ಕಂಪನಿಗಳ ಯಂತ್ರಗಳಿಗೆ ಇಂಟರ್ನೆಟ್ ಮೂಲಕ ಆಕ್ಟಿವೇಶನ್ ನಿಲ್ಲಿಸಿತು. ಉಳಿದದ್ದು ಫೋನ್. ಪರದೆಯಲ್ಲಿ ಕಾಣುವ ಐವತ್ತರಷ್ಟು ಅಂಕೆಗಳನ್ನು ಓದಿ ಹೇಳಬೇಕು, ಆ ಕಡೆಯಿಂದ ಬರುವ 42 ಅಂಕೆಗಳನ್ನು ಕೇಳಿ ಒತ್ತಬೇಕು. ಜೋಯಿಡಾದಂಥ ಕಾಡುತಾಲ್ಲೂಕಿನಲ್ಲಿ ಫೋನ್ ನಡುವೆ ಕಟ್ ಆದರೆ ಮತ್ತೆ ಮೊದಲಿಂದ. ಅಂಗಡಿಯವನ ಸಿಡಿ ಗೆದ್ದದ್ದು ಸುಮ್ಮನೆ ಅಲ್ಲ.

ಆದರೆ ಆ ಸಿಡಿಗೂ ಬೆಲೆಯಿತ್ತು. 2008ರಲ್ಲಿ ಮೈಕ್ರೋಸಾಫ್ಟ್ ನಕಲಿ ಎಕ್ಸ್‌ಪಿಯ ಪರದೆಯ ಹಿನ್ನೆಲೆಯನ್ನು ಗಂಟೆಗೊಮ್ಮೆ ಕಪ್ಪಾಗಿಸತೊಡಗಿತು. ಇದಕ್ಕೆ ಹೆದರಿ ಅಂಗಡಿಗಳಲ್ಲಿ ಅಪ್‌ಡೇಟ್ ಬಂದ್ ಮಾಡಿಯೇ ಯಂತ್ರ ಕೊಡುವುದು ವಾಡಿಕೆಯಾಯಿತು. ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಗೊತ್ತಿರುವ ತೂತೂ ಮುಚ್ಚುವುದಿಲ್ಲ. ಸಿಟಿಜನ್ ಲ್ಯಾಬ್ ನಾಲ್ಕು ವರ್ಷ ಹತ್ತು ಸಂಘಟನೆಗಳ ಮೇಲಿನ ದಾಳಿಗಳನ್ನು ಗಮನಿಸಿ 2014ರಲ್ಲಿ ವರದಿ ಕೊಟ್ಟಿತು. ಟಿಬೆಟನ್ ಗುಂಪುಗಳೂ ಅದರಲ್ಲಿದ್ದವು. 2012ರ ಏಪ್ರಿಲ್‌ನಲ್ಲೇ ತೇಪೆ ಬಂದಿದ್ದ ಆಫೀಸ್ ತಂತ್ರಾಂಶದ ತೂತಿನಿಂದ ದಾಳಿಕೋರರು ಆಮೇಲೂ ನುಗ್ಗುತ್ತಿದ್ದರು. ಫಾರ್ಮ್ಯಾಟ್ ಹೊಡೆಸಿ ತೇಪೆ ಹಾಕದಿದ್ದರೆ ಯಂತ್ರ ಮುಂದಿನ ಇಮೇಲ್ ಬರುವವರೆಗಷ್ಟೇ ಶುದ್ಧ.

ಟಿಬೆಟನ್ನರು ಬೇಗ ಎಚ್ಚೆತ್ತರು. ಟಿಬೆಟ್ ಆಕ್ಷನ್ ಇನ್‌ಸ್ಟಿಟ್ಯೂಟ್ ಇಮೇಲ್ ಲಗತ್ತುಗಳನ್ನೇ ಬಿಟ್ಟುಬಿಡಿ ಎಂದು ಪ್ರಚಾರ ನಡೆಸಿತು. ಇಂಗ್ಲಿಷಿನಲ್ಲಿ ‘ಅಟ್ಯಾಚ್‌ಮೆಂಟ್’ ಅಂದರೆ ಲಗತ್ತೂ ಹೌದು, ಮೋಹವೂ ಹೌದು; ಮೋಹ ಬಿಡುವ ಬೌದ್ಧ ಪಾಠ ಬಲ್ಲ ಭಿಕ್ಷುಗಳಿಗೆ ಅದು ತಟ್ಟನೆ ಅರ್ಥವಾಗುವಂತಿತ್ತು. 2018ರಲ್ಲಿ ಟಿಬ್‌ಸರ್ಟ್ ಎಂಬ ತುರ್ತು ನೆರವಿನ ಕೂಟವೂ ಹುಟ್ಟಿತು. ದಾಳಿಕೋರರು ಅಷ್ಟರಲ್ಲಿ ಗೂಗಲ್ ಡ್ರೈವ್‌ಗೆ, ಆಮೇಲೆ ವಾಟ್ಸ್ಆ್ಯಪ್‌ಗೆ ಜಾಗ ಬದಲಿಸಿದ್ದರು.

ಚೀಟಿಯ ಕಥೆ ಮುಗಿದದ್ದು 2012ರಲ್ಲಿ. ವಿಂಡೋಸ್ 8 ಜೊತೆ ಕೀಯನ್ನು ಮದರ್‌ಬೋರ್ಡಿನಲ್ಲೇ ಬರೆದಿಡುವ ಪದ್ಧತಿ ಬಂತು. 2015ರ ವಿಂಡೋಸ್ 10ರಿಂದ ಪರವಾನಗಿ ಯಂತ್ರದ ಗುರುತಿನೊಂದಿಗೆ ಮೈಕ್ರೋಸಾಫ್ಟ್ ಸರ್ವರಿನಲ್ಲೇ ದಾಖಲಾಗುತ್ತದೆ. ಮೈಕ್ರೋಸಾಫ್ಟ್ ತಾಣದಿಂದ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡ ವಿಂಡೋಸನ್ನು, ಹಿಂದಿದ್ದದ್ದು ಹೋಮ್ ಆದರೆ ಹೋಮ್, ಪ್ರೊ ಆದರೆ ಪ್ರೊ, ಹಾಕಿದರೆ ಸಾಕು. ಕೀ ಕೇಳಿದಾಗ ‘ನನ್ನ ಬಳಿ ಇಲ್ಲ’ ಎಂದರೂ ಇಂಟರ್ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಗುತ್ತದೆ. ಸೋಂಕು ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ಆ ಪೆನ್‌ಡ್ರೈವ್ ಸಿದ್ಧಪಡಿಸಬೇಕು, ಅಷ್ಟೇ. ಆದ್ದರಿಂದ ಲ್ಯಾಪ್‌ಟಾಪ್ ಅಂಗಡಿಗೆ ಕೊಡುವಾಗ ಎರಡು ಮಾತು ಹೇಳಿ: ಇದರ ಜೊತೆ ಬಂದ ವಿಂಡೋಸನ್ನೇ ಹಾಕಿ, ಅಪ್‌ಡೇಟ್ ಬಂದ್ ಮಾಡಬೇಡಿ. ಮದರ್‌ಬೋರ್ಡ್ ಬದಲಿಸಬೇಕು ಎಂದರೆ ಒಪ್ಪುವ ಮೊದಲು ಪರವಾನಗಿಯ ಗತಿ ಏನು ಎಂದೂ ಕೇಳಿ.