ಲಿನಕ್ಸಿನ ಅಜ್ಞಾತವಾಸ

ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಯಂತ್ರ ನಿದ್ರೆಗೆ ಜಾರಬೇಕು, ತೆರೆದರೆ ಎಚ್ಚರಗೊಳ್ಳಬೇಕು, ಗುಂಡಿಯೊತ್ತಿದರೆ ಪರದೆಯ ಬೆಳಕು ಹೆಚ್ಚಬೇಕು. ಬಳಸುವವನು ಅಪೇಕ್ಷಿಸುವುದು ಇಷ್ಟೇ. ಆದರೆ ಈ ಶತಮಾನದ ಮೊದಲ ದಶಕದಲ್ಲಿ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡ ಅನೇಕರು ಈ ಸಣ್ಣ ಸೌಲಭ್ಯಗಳಿಗಾಗಿಯೇ ರಾತ್ರಿಗಳನ್ನು ಕಳೆದರು. ಮಲಗಿದ ಯಂತ್ರ ಏಳುತ್ತಿರಲಿಲ್ಲ. ಎದ್ದರೂ ಪರದೆ ಕತ್ತಲೆ. ಬೈಗುಳವೆಲ್ಲ ಲಿನಕ್ಸಿಗೇ. ಎಷ್ಟೋ ಸಲ ತಪ್ಪು ಅದರದಾಗಿರಲಿಲ್ಲ.

ಯಂತ್ರದೊಳಗಿನ ಚಿಪ್ಪಿನಲ್ಲಿ ತಯಾರಕರೇ ಬರೆದಿಡುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಬಯೋಸ್ ಎಂಬ ಹೆಸರು ಹಲವರಿಗೆ ಪರಿಚಿತ. ಹಿಂದೆ ವಿದ್ಯುತ್ ನಿರ್ವಹಣೆಯ ಹೆಚ್ಚಿನ ಭಾರ ಅದರದ್ದೇ ಆಗಿತ್ತು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕೂಡಿ ಎಸಿಪಿಐ ಎಂಬ ಮಾನಕವನ್ನು ಪ್ರಕಟಿಸಿದವು. ಅದರಂತೆ ಬಯೋಸ್ ಒಂದು ಕೋಷ್ಟಕವನ್ನು ಒದಗಿಸುತ್ತದೆ. ಅದರಲ್ಲಿ ಯಂತ್ರದ ವಿವರಗಳಷ್ಟೇ ಅಲ್ಲ, ಸಂಕೇತಭಾಷೆಯಲ್ಲಿ ಬರೆದ ಆಜ್ಞೆಗಳೂ ಇರುತ್ತವೆ. ಆ ಆಜ್ಞೆಗಳನ್ನು ಓದಿ ನಡೆಸುವುದು ಕಾರ್ಯಾಚರಣ ವ್ಯವಸ್ಥೆಯ ಹೊಣೆ.

ತೊಡಕು ಹುಟ್ಟಿದ್ದು ಇಲ್ಲಿಯೇ. ಆ ಆಜ್ಞೆಗಳನ್ನು ಸಂಕೇತಕ್ಕೆ ಪರಿವರ್ತಿಸುವ ಮೈಕ್ರೋಸಾಫ್ಟಿನ ಸಾಧನ ಉದಾರಿ, ಇಂಟೆಲಿನದು ಕಟ್ಟುನಿಟ್ಟು. ಮೊದಲನೆಯದು ಸುಮ್ಮನೆ ಬಿಟ್ಟ ದೋಷಗಳನ್ನು ಎರಡನೆಯದು ಎತ್ತಿ ತೋರಿಸುತ್ತಿತ್ತು. ಕಂಪನಿಗಳಾದರೋ ವಿಂಡೋಸಿನಲ್ಲಿ ಯಂತ್ರ ಓಡಿತೆಂದರೆ ಪರೀಕ್ಷೆ ಮುಗಿಯಿತೆಂದು ಪೆಟ್ಟಿಗೆ ಕಟ್ಟುತ್ತಿದ್ದವು. ಒಬ್ಬನೇ ಪರೀಕ್ಷಕನ ಔದಾರ್ಯವನ್ನು ನಂಬಿ ಬರೆದ ಉತ್ತರಪತ್ರಿಕೆ ಬೇರೊಬ್ಬನ ಕೈಗೆ ಸಿಕ್ಕಿದಂತಾಯಿತು, ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ.

ಇದು ಸಂಚೇ? 1999ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ಸಹೋದ್ಯೋಗಿಗಳಿಗೆ ಬರೆದ ಮಿಂಚಂಚೆಯೊಂದು ಮುಂದೆ ಅಮೆರಿಕದ ಅಯೋವಾ ರಾಜ್ಯದ ಮೊಕದ್ದಮೆಯಲ್ಲಿ ಬಹಿರಂಗವಾಯಿತು. ಎಸಿಪಿಐ ವಿಸ್ತರಣೆಗಳನ್ನು ಹೇಗಾದರೂ ವಿಂಡೋಸಿಗೇ ಸೀಮಿತವಾಗಿಸಬಾರದೇಕೆ ಎಂಬ ಆಲೋಚನೆ ಅದರಲ್ಲಿದೆ. ದುಡಿಮೆ ನಮ್ಮದು, ಫಲ ಲಿನಕ್ಸಿಗೆ ಎಂಬ ಅಸಮಾಧಾನವೂ ಇದೆ. ಆದರೆ ಆಲೋಚನೆ ಕಾರ್ಯರೂಪಕ್ಕೆ ಬಂತೆಂಬುದಕ್ಕೆ ಆ ಪತ್ರವೊಂದೇ ಸಾಕ್ಷಿಯಾಗಲಾರದು. ನನಗಂತೂ ಸಂಚಿಗಿಂತ ತಯಾರಕರ ಉದಾಸೀನವೇ ದೊಡ್ಡ ಕಾರಣವೆನಿಸುತ್ತದೆ.

ಫರ್ಮ್‌ವೇರ್ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು: ನಿನಗೆ "ವಿಂಡೋಸ್ 2001" ಗೊತ್ತೇ ಎಂದು ಕಾರ್ಯಾಚರಣ ವ್ಯವಸ್ಥೆಯನ್ನು ಕೇಳುತ್ತಿತ್ತು. ಅದು ಎಕ್ಸ್‌ಪಿಯ ಗುರುತು. ಇಲ್ಲವೆಂದರೆ ಯಾರೂ ಸರಿಯಾಗಿ ಪರೀಕ್ಷಿಸದ ಹಾದಿಗೆ ತಳ್ಳುತ್ತಿತ್ತು. ಹಾಗಾಗಿ ಲಿನಕ್ಸ್ ಎಲ್ಲ ವಿಂಡೋಸುಗಳ ಹೆಸರಿಗೂ ಹೌದೆನ್ನಲು ಕಲಿಯಿತು. "ಲಿನಕ್ಸ್" ಎಂಬ ಹೆಸರಿಗೂ ಮೊದಲು ಹೌದೆನ್ನುತ್ತಿತ್ತು. ಆದರೆ ಲಿನಕ್ಸ್ ಕೆಲವೇ ವಾರಗಳಿಗೊಮ್ಮೆ ಬದಲಾಗುತ್ತದೆ. ಅದರ ಇಂದಿನ ಕುಂದಿಗೆಂದು ಬಯೋಸಿನಲ್ಲಿ ಹಚ್ಚಿದ ತೇಪೆ, ಕುಂದು ನೀಗಿದ ಮೇಲೆ ತಾನೇ ತೊಡಕಾಗುತ್ತದೆ. ಕಡೆಗೆ 2007ರಲ್ಲಿ, 2.6.23ನೆಯ ಆವೃತ್ತಿಯಿಂದ, ತನ್ನ ಹೆಸರು ಹಿಡಿದು ಕೇಳಿದರೆ ಇಲ್ಲವೆನ್ನುವುದೇ ಲಿನಕ್ಸಿನ ನಿಯಮವಾಯಿತು. ವಿರಾಟನಗರಿಯಲ್ಲಿ ಅರ್ಜುನ ಬೃಹನ್ನಳೆಯಾದದ್ದು ಒಂದು ವರ್ಷದ ಮಟ್ಟಿಗೆ. ಲಿನಕ್ಸಿನ ಅಜ್ಞಾತವಾಸ ಇಂದಿಗೂ ಮುಗಿದಿಲ್ಲ.

ವೇಷಕ್ಕೆ ಬೆಲೆಯೂ ಉಂಟು. 2012ರಲ್ಲಿ ವಿಂಡೋಸ್ 8 ಬಂದಾಗ ಲಿನಕ್ಸ್ ಅದರ ಹೆಸರಿಗೂ ತಲೆದೂಗಿತು. ವಿಂಡೋಸ್ 8 ಪರದೆಯ ಬೆಳಕನ್ನು ತಾನೇ ನಿಯಂತ್ರಿಸುತ್ತದೆಂದು ನಂಬಿದ್ದ ಹೊಸ ಫರ್ಮ್‌ವೇರುಗಳು ಹಳೆಯ ವಿಧಾನವನ್ನು ಹೆಸರಿಗಷ್ಟೇ ಉಳಿಸಿಕೊಂಡಿದ್ದವು. ಗುಂಡಿಯೊತ್ತಿದರೆ ಅಂಕಿ ಬದಲಾಗುತ್ತಿತ್ತು, ಬೆಳಕು ಬದಲಾಗುತ್ತಿರಲಿಲ್ಲ! ಪರಿಹಾರವಾಗಿ ಡ್ರೈವರಿನಲ್ಲಿ ಒಂದು ಪಟ್ಟಿ ಬೆಳೆಯಿತು. ತಯಾರಕ, ಮಾದರಿ, ಆ ಮಾದರಿಗೆ ಅನುಸರಿಸಬೇಕಾದ ವಿಧಾನ: ಶಾಲೆಯ ಹಾಜರಿ ಪುಸ್ತಕವನ್ನೇ ನೆನಪಿಸುವ ಸಾಲುಗಳು. ಇಂಥ ಸಾಲುಗಳ ಹಿಂದೆ ಸಾಮಾನ್ಯವಾಗಿ ಒಬ್ಬ ಮಾಲೀಕನಿರುತ್ತಾನೆ; ತನ್ನ ಯಂತ್ರದ ವಿವರ ಕಳುಹಿಸಿ, ಬಂದ ತಿದ್ದುಪಡಿಯನ್ನು ಪರೀಕ್ಷಿಸಿ, ಸರಿಯಾಯಿತೆಂದು ಮರುಟಪಾಲು ಬರೆದವನು. ಸಂಬಳವಿಲ್ಲದ ಈ ದುಡಿಮೆ ತಯಾರಕರ ಲೆಕ್ಕಪತ್ರದಲ್ಲಿ ಎಲ್ಲಿಯೂ ಕಾಣದು.

2013ರ ಜನವರಿಯಲ್ಲಿ ಸಂಗತಿ ಇನ್ನೂ ಗಂಭೀರವಾಯಿತು. ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರ್ ಇದ್ದ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪುಗಳು ಲಿನಕ್ಸ್ ಹಾಕಲು ಹೋದಾಗ ಮತ್ತೆಂದೂ ಏಳದಂತೆ ಸತ್ತವು. ಶಂಕೆ ಸ್ಯಾಮ್‌ಸಂಗ್ ಡ್ರೈವರಿನ ಮೇಲೆ ಬಿದ್ದು, ಯುಇಎಫ್‌ಐ ಇದ್ದಲ್ಲಿ ಅದು ಕೆಲಸಮಾಡದಂತೆ ತಡೆಯಲಾಯಿತು. ಮುಂದಿನ ತಿಂಗಳು ಲಿನಕ್ಸಿನ ಮ್ಯಾಥ್ಯೂ ಗ್ಯಾರೆಟ್ ಬೇರೊಂದು ಸತ್ಯವನ್ನು ತೋರಿಸಿದರು: ಫರ್ಮ್‌ವೇರಿನ ಪುಟ್ಟ ಸಂಗ್ರಹದಲ್ಲಿ ಹೆಚ್ಚು ಮಾಹಿತಿ ತುಂಬಿದರೆ ಸಾಕು, ಯಂತ್ರ ಸಾಯುತ್ತಿತ್ತು, ಮತ್ತು ವಿಂಡೋಸಿನೊಳಗಿನಿಂದಲೂ ಅದನ್ನು ಸಾಯಿಸಬಹುದಾಗಿತ್ತು. ಸಂಗ್ರಹ ಅರ್ಧದಷ್ಟು ತುಂಬಿದೊಡನೆ ಬರವಣಿಗೆಯನ್ನು ನಿಲ್ಲಿಸುವ ನಿಯಮ ಬಂದದ್ದು ಮಾತ್ರ ಲಿನಕ್ಸಿನಲ್ಲಿ.