ಡಿಸ್ಕಿನ ತಪ್ಪಲ್ಲ ಸ್ವಾಮೀ...

ಮೊನ್ನೆ ಪಂಕ್ಚರ್ ಹಾಕಿಸಿ ಬಂದಮೇಲೆ ನನ್ನ ಬೈಕಿನ ಮುಂದಿನ ಚಕ್ರ ಕುಯ್ಯೋ ಅನ್ನೋಕೆ ಶುರು. "ಡಿಸ್ಕ್ ಬೆಂಡಾಗಿದೆ, ಹೊಸದು ಹಾಕ್ಬೇಕು" ಅಂದ ಮೆಕ್ಯಾನಿಕ್. ನನಗೆ ನೆನಪಾಗಿದ್ದು 1969ರ ಹೋಂಡಾ ಸಿಬಿ750!

ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದ, ಅದು ಕಾರಿಗೆ. ಭಾರೀ ಸಂಖ್ಯೆಯಲ್ಲಿ ತಯಾರಾದ ಬೈಕಿಗೆ ಹೈಡ್ರಾಲಿಕ್ ಡಿಸ್ಕ್ ತಂದದ್ದು ಸಿಬಿ750. ಕ್ಯಾಲಿಪರ್‌ಗೆ ಒಂದೇ ಪಿಸ್ಟನ್. ಅದು ಒಂದು ಪ್ಯಾಡನ್ನು ಡಿಸ್ಕಿಗೆ ಒತ್ತಿದರೆ, ಇಡೀ ಕ್ಯಾಲಿಪರ್ ಒಂದು ಪಿನ್ನಿನ ಮೇಲೆ ತಿರುಗಿ ಇನ್ನೊಂದು ಪ್ಯಾಡನ್ನು ಎಳೆದು ತರುತ್ತಿತ್ತು. ಎಂಥಾ ಐಡಿಯಾ ಅಲ್ವಾ? ಆದ್ರೆ ಆ ಪಿನ್ನಿಗೆ ತುಕ್ಕು ಹಿಡಿದರೆ ಮುಗೀತು, ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತಿತ್ತು. (ಅಪ್ಪನ ಯೆಜ್ಡಿಗೆ ಡ್ರಮ್ ಬ್ರೇಕು, ಈ ತಲೆನೋವೇ ಇರಲಿಲ್ಲ!)

ನನ್ನ ಬೈಕಿನ ಕ್ಯಾಲಿಪರ್ ತಿರುಗೋದಿಲ್ಲ, ಎರಡು ಪಿನ್ನುಗಳ ಮೇಲೆ ಜಾರುತ್ತದೆ. ಚಕ್ರ ಎತ್ತಿ ತಿರುಗಿಸಿದೆ. ಡಿಸ್ಕ್ ಬೆಂಡಾಗಿದ್ದರೆ ಸುತ್ತಿಗೊಮ್ಮೆ ತಾಗಬೇಕು; ಇದು ಸುತ್ತಿಡೀ ಉಜ್ಜುತ್ತಿತ್ತು. ಚಕ್ರ ಜೋಡಿಸುವಾಗ ಫೋರ್ಕಿನ ಕಾಲು ತುಸು ಒಳಗೆ ಎಳೆದುಕೊಂಡು ನಿಂತಿತ್ತು. ಪಿನ್ನು ನಯವಾಗಿದ್ದಿದ್ದರೆ ಕ್ಯಾಲಿಪರ್ ತಾನೇ ಸರಿದು ಹೊಂದಿಕೊಳ್ತಿತ್ತೇನೋ, ಒಣಗಿ ಅಂಟಿಕೊಂಡಿತ್ತು. ಪಿನ್ನು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಆಕ್ಸಲ್ ಹಿಡಿಯುವ ಬೋಲ್ಟ್ ಸಡಿಲಿಸಿ, ಫೋರ್ಕನ್ನು ನಾಲ್ಕು ಸಲ ಕುಕ್ಕಿ, ಮತ್ತೆ ಬಿಗಿ ಮಾಡಿದೆ.

ಈಗ ಹಳೇ ಡಿಸ್ಕಲ್ಲೇ ಓಡ್ತಿದೆ, ಸದ್ದಿಲ್ಲ. ಮೆಕ್ಯಾನಿಕ್‌ಗೆ ಇನ್ನೂ ಹೇಳಿಲ್ಲ :-)