ಶಿಲಾಶಾಸನ ರಕ್ಷಣೆ ಮತ್ತು ಶಾಸ್ತ್ರದಾನ

ಕನ್ನಡನಾಡಿನ ಜೈನ ಇತಿಹಾಸದ ಬಹುಭಾಗವು ಕಲ್ಲಿನ ಮೇಲೆ ಉಳಿದುಬಂದಿದೆ. ಬೆಂಗಳೂರಿನ ನೆಲವೂ ಇದಕ್ಕೆ ಹೊರತಲ್ಲ. ಬೇಗೂರಿನಲ್ಲಿ ದೊರೆತ ಗಂಗರ ಕಾಲದ ಶಾಸನಗಳಲ್ಲಿ ನಾಗತ್ತರನ ಮಗಳು ತೊಂಡಬ್ಬೆಯ ನಿಸಿದಿಯೂ ಒಂದು. ಸಮಾಧಿಮರಣವನ್ನು ಹೊಂದಿದವರ ಸ್ಮಾರಕವೇ ನಿಸಿದಿ. ಕಾವ್ಯ ಪುರಾಣಗಳು ಅರಸರನ್ನೂ ಆಚಾರ್ಯರನ್ನೂ ಕೀರ್ತಿಸುತ್ತವೆ. ಇಂತಹ ಶ್ರಾವಕ ಶ್ರಾವಿಕೆಯರ ನೆನಪಿಗೆ ಬಹುಮಟ್ಟಿಗೆ ಕಲ್ಲೊಂದೇ ಆಧಾರ.

ಈ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿದವರಲ್ಲಿ ಬಿ. ಎಲ್. ರೈಸ್ ಅವರು ಪ್ರಮುಖರು. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯಲ್ಲಿ ಶ್ರವಣಬೆಳಗೊಳದ ಸಂಪುಟವು 1889ರಲ್ಲಿಯೂ ಬೆಂಗಳೂರು ಜಿಲ್ಲೆಯ ಸಂಪುಟವು 1905ರಲ್ಲಿಯೂ ಪ್ರಕಟವಾದವು. ಬೆಳಗೊಳದ ಮೊದಲ ಸಂಪುಟದಲ್ಲಿದ್ದುದು 144 ಶಾಸನಗಳು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. 1973ರ ಪರಿಷ್ಕರಣದಲ್ಲಿ 573 ಆಯಿತು. ಕಲ್ಲುಗಳು ಇದ್ದಲ್ಲಿಯೇ ಉಳಿದಿದ್ದುದರಿಂದ ಮಾತ್ರವೇ ಹೊಸ ಕಣ್ಣುಗಳಿಗೆ ಹೊಸ ಅಕ್ಷರಗಳು ಕಂಡವು ಎಂಬುದು ಇಲ್ಲಿ ಗಮನಾರ್ಹ.

ಬೆಂಗಳೂರಿನ ಸುತ್ತಣ ಕಲ್ಲುಗಳಿಗೆ ಆ ಭಾಗ್ಯವಿರಲಿಲ್ಲ. ಉಲ್ಲಾಳ, ಕೆಂಗೇರಿಗಳಂತಹ ಹಳ್ಳಿಗಳು ನಗರದೊಳಗೆ ಸೇರಿಹೋದವು. ಇಂತಹ ಊರುಗಳಲ್ಲಿ ಕೆರೆಯ ಏರಿ, ಹೊಲದ ಬದು, ಗುಡಿಯ ಅಂಗಳಗಳೇ ಶಾಸನಗಳ ನೆಲೆ. ರಸ್ತೆ ಬಡಾವಣೆಗಳ ಕಾಮಗಾರಿಯಲ್ಲಿ ಮೊದಲು ಅಳಿಯುವುವೂ ಇವೇ. ರೈಸ್ ಅವರು ದಾಖಲಿಸಿದ ಶಾಸನಗಳಲ್ಲಿ ಎಷ್ಟೋ ಇಂದು ಕಾಣಸಿಗುವುದಿಲ್ಲ. ಹೆಬ್ಬಾಳದಲ್ಲಿ ಗಂಗ ದೊರೆ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದು ಉಳಿಯಿತು. ಎಲ್ಲ ಕಲ್ಲುಗಳಿಗೂ ಅಂತಹ ಅದೃಷ್ಟವಿಲ್ಲ.

ಈ ಹಿನ್ನೆಲೆಯಲ್ಲಿ, 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಕಾರ್ಯವನ್ನು ಕೈಗೊಂಡಿತು. ಹಿಂದೆ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಕುಂಚದಿಂದ ತಟ್ಟಿ, ಮಸಿ ಲೇಪಿಸಿ ಪಡಿಯಚ್ಚು ತೆಗೆಯುತ್ತಿದ್ದರು. ಸ್ಕ್ಯಾನರ್ ಯಂತ್ರವು ಕಲ್ಲನ್ನು ಮುಟ್ಟುವುದಿಲ್ಲ. ಅದು ಬೆಳಕನ್ನು ಹಾಯಿಸಿ, ಮೇಲ್ಮೈಯ ಉಬ್ಬುತಗ್ಗುಗಳನ್ನು ಅಸಂಖ್ಯ ಬಿಂದುಗಳಾಗಿ ಅಳೆಯುತ್ತದೆ. ಬಳಿಕ ಗಣಕಯಂತ್ರದಲ್ಲಿ ಆ ಪ್ರತಿರೂಪದ ಮೇಲೆ ಬೇಕಾದ ದಿಕ್ಕಿನಿಂದ ಬೆಳಕು ಚೆಲ್ಲಿ ನೋಡಬಹುದು. ಬರಿಗಣ್ಣಿಗೆ ಸವೆದುಹೋದಂತೆ ತೋರುವ ಅಕ್ಷರವೂ ಆಗ ಓದಲು ದೊರೆಯುವುದುಂಟು. ನಿಸಿದಿಯಲ್ಲಿ ಬರಹದಷ್ಟೇ ಮುಖ್ಯವಾದ ಶಿಲ್ಪವೂ ಅಳತೆ ಸಹಿತ ದಾಖಲಾಗುತ್ತದೆ.

ಜೈನ ಸಮಾಜಕ್ಕೆ ಇದು ಹೊಸ ಧರ್ಮವೇನಲ್ಲ. ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಪರಂಪರೆ ನಮ್ಮದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯು ಗ್ರಂಥವು ಒಂದೆಡೆಯೇ ಉಳಿದರೆ ಅಳಿದೀತೆಂಬುದನ್ನು ಬಲ್ಲವಳು. ಶಾಸನದ ಪ್ರತಿರೂಪವನ್ನು ಮಾಡಿಸಿ ಎಲ್ಲರ ಅಧ್ಯಯನಕ್ಕೆ ತೆರೆದಿಡುವುದು ಅದೇ ದಾನದ ಮುಂದುವರಿಕೆ. ತನ್ನ ಬಸದಿಯ ಶಾಸನವನ್ನು ಇತರರಿಗೆ ತೋರಿಸದೆ ಕಾಯ್ದುಕೊಳ್ಳುವುದೂ ಒಂದು ಬಗೆಯ ಪರಿಗ್ರಹವೇ.

ಆದರೆ ಪ್ರತಿರೂಪವು ಮೂಲಕ್ಕೆ ಬದಲಿಯಲ್ಲ. ಚಿತ್ರವಿದೆಯೆಂಬ ಧೈರ್ಯದಿಂದ ಕಲ್ಲನ್ನು ಕಿತ್ತು ಬದಿಗೊತ್ತಿದರೆ, ಅದು ನಿಂತ ನೆಲದ ಸಾಕ್ಷ್ಯವು ನಾಶವಾಗುತ್ತದೆ. ಸ್ಕ್ಯಾನಿಂಗ್ ಕಾರ್ಯವು ರಕ್ಷಣೆಯ ಮೊದಲ ಹೆಜ್ಜೆಯೇ ಹೊರತು ಕೊನೆಯದಲ್ಲ.

ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನಕ್ಕೆ ಬಣ್ಣ ಬಳಿಯುವುದು, ಗೋಡೆಯೊಳಗೆ ಹುದುಗಿಸುವುದು, ನೆಲಹಾಸಿಗೆ ಬಳಸುವುದು ಭಕ್ತಿಯ ಹೆಸರಿನ ಪ್ರಮಾದಗಳು. ಆಡಳಿತ ಮಂಡಳಿಗಳು ಕಾಮಗಾರಿಗೆ ಮುನ್ನ ಪ್ರತಿ ಕಲ್ಲನ್ನೂ ಗುರುತಿಸಿ, ಬಲ್ಲವರಿಂದ ದಾಖಲು ಮಾಡಿಸಿ, ಅದರ ಪ್ರತಿಯನ್ನು ಬಸದಿಯ ಭಂಡಾರದಲ್ಲಿಯೂ ವಿದ್ವತ್ ಸಂಸ್ಥೆಯಲ್ಲಿಯೂ ಇರಿಸಬೇಕು. ಸಾವಿರ ವರ್ಷಗಳ ಹಿಂದೆ ಒಬ್ಬ ಶ್ರಾವಿಕೆಯ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿದವರು ಮುಂದಿನವರು ಓದಲೆಂದೇ ಕೊರೆಯಿಸಿದರು. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ಈಗ ನಮ್ಮ ಸಮಾಜದ್ದು.